ದಂಡ ಕಟ್ಟಿದರೆ ಮುಗಿಯಿತೇ?



ನಿಮ್ಮ ಮನೆಯಲ್ಲಿ ಗಾಡಿ ಓಡಿಸುವವರು ಯಾರು? ಗಂಡನೇ? ಮಗನೇ? ತಮ್ಮನೇ? ಇಲ್ಲ, ನೀವೇ ಸ್ಕೂಟರ್ ಓಡಿಸುತ್ತೀರಾ?

ಆಟೋ, ಗೂಡ್ಸ್ ಗಾಡಿ, ಬೈಕು ಈಗ ಊರೂರಲ್ಲೂ ಇವೆ. ಎಷ್ಟೋ ಮನೆಯ ಒಲೆ ಉರಿಯುವುದು ಗಾಡಿಯ ದುಡಿಮೆಯಿಂದಲೇ. ಗಾಡಿ ಓಡಿಸಲು ಲೈಸೆನ್ಸ್ ಬೇಕು. ಲೈಸೆನ್ಸ್ ಹೋದರೆ ದುಡಿಮೆ ಹೋಯಿತು. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಪೊಲೀಸರು ಗಾಡಿ ಹಿಡಿದರೆ ನಾವು ಏನು ಅನ್ನುತ್ತೇವೆ? "ದಂಡ ಬಿಸಾಕಿ ಬಾ, ಮುಗೀತು" ಅನ್ನುತ್ತೇವೆ. ನಿಜವಾಗಿ ಮುಗಿಯುತ್ತದೆಯೇ? ಇಲ್ಲ. ಅದನ್ನೇ ಈ ಪಾಠದಲ್ಲಿ ತಿಳಿಯೋಣ. ಮೊದಲು ನಮ್ಮ ಕಲಿಕಾ ಕೇಂದ್ರದಲ್ಲಿ ನಡೆದ ಒಂದು ಸಂಗತಿ ಕೇಳಿ.

ಒಬ್ಬ ಅಕ್ಕನ ಕತೆ

ನಮ್ಮ ಕೇಂದ್ರಕ್ಕೆ ಸಂಜೆ ಹೊತ್ತು ಒಬ್ಬ ಅಕ್ಕ ಬರುತ್ತಾರೆ. ವಯಸ್ಸು ಐವತ್ತರ ಹತ್ತಿರ. ಮೊದಲು ಹೆಬ್ಬೆಟ್ಟು ಒತ್ತುತ್ತಿದ್ದರು. ಈಗ ಸಹಿ ಹಾಕುತ್ತಾರೆ. ಬಸ್ಸಿನ ಬೋರ್ಡು ಓದುತ್ತಾರೆ. ಅಂಕಿಗಳನ್ನು ನಿಧಾನವಾಗಿ, ಬೆರಳಿಟ್ಟು ಓದುತ್ತಾರೆ.

ಆ ಅಕ್ಕ ಸಂಘದಿಂದ ಸಾಲ ತೆಗೆದು ಒಂದು ಗೂಡ್ಸ್ ಆಟೋ ಕೊಂಡಿದ್ದರು. ಆರ್.ಸಿ. ಕಾರ್ಡು ಅಕ್ಕನ ಹೆಸರಲ್ಲಿ. ಓಡಿಸುವುದು ಮಗ. ಬೆಳಗಿನ ಜಾವ ಟೊಮೆಟೊ, ಬದನೆ ಹೇರಿಕೊಂಡು ಮಂಡಿಗೆ ಹೋಗುತ್ತಿದ್ದ. ಸಂಸಾರ ಹೇಗೋ ನಡೆಯುತ್ತಿತ್ತು.

ಒಂದು ದಿನ ಅಕ್ಕ ಒಂದು ಕಾಗದ ಹಿಡಿದುಕೊಂಡು ಬಂದರು. ಮುಖ ಬಾಡಿತ್ತು.

"ಟೀಚರ್, ಆರ್.ಟಿ.ಓ. ಆಫೀಸಿಂದ ಬಂದೈತೆ. ಮಗನ ಲೈಸೆನ್ಸ್ ರದ್ದು ಮಾಡ್ತಾರಂತೆ. ಒಂದು ಸಲ ಫೋನಲ್ಲಿ ಮಾತಾಡ್ತಾ ಸಿಕ್ಕಿಬಿದ್ದಿದ್ದಕ್ಕೆ ಇಷ್ಟೊಂದಾ?"

ನಾವು ಕಾಗದ ಓದಿದೆವು. ಅದರಲ್ಲಿ ಒಂದು ಸಲ ಅಂತ ಇರಲಿಲ್ಲ. "ಎರಡನೆಯ ಬಾರಿಯ ಅಪರಾಧ" ಅಂತ ಬರೆದಿತ್ತು. ಲೈಸೆನ್ಸ್ ಯಾಕೆ ರದ್ದು ಮಾಡಬಾರದು, ಬಂದು ಹೇಳಿ ಅಂತ ತಾರೀಖು ಕೊಟ್ಟಿದ್ದರು.

"ಮೊದಲನೆಯದು ಯಾವಾಗ ಅಕ್ಕ?" ಅಂತ ಕೇಳಿದೆವು.

ಅಕ್ಕ ಮಗನನ್ನು ಕರೆಸಿದರು. ಅವನಿಗೆ ನೆನಪಾಯಿತು. ಹೋದ ವರ್ಷ ಒಂದು ಚಲನ್ ಬಂದಿತ್ತು. ಗಾಡಿ ಓಡಿಸುವಾಗ ಕೈಯಲ್ಲಿ ಫೋನ್ ಹಿಡಿದಿದ್ದ ಅಂತ ಕ್ಯಾಮೆರಾ ಫೋಟೋ ಹಾಕಿದ್ದರು. "ನಾನು ಆ ಪೇಟೆಗೆ ಹೋಗೇ ಇರಲಿಲ್ಲ. ಆದರೆ ಅದಕ್ಕೆ ಯಾರು ಅಲೀತಾರೆ, ಒಂದು ದಿನದ ಬಾಡಿಗೆ ಹೋಗ್ತದೆ ಅಂತ ದಂಡ ಕಟ್ಟಿಬಿಟ್ಟೆ. ಲೈಸೆನ್ಸ್ ನಂಬರ್ ಕೇಳಿದ್ರು, ಕೊಟ್ಟೆ" ಅಂದ.

ಅಕ್ಕ ಮನೆಗೆ ಹೋಗಿ ಡಬ್ಬಿಯಲ್ಲಿಟ್ಟಿದ್ದ ಹಳೆಯ ಚಲನ್ ತಂದರು. ಅದರ ಮೇಲಿನ ಫೋಟೋ ನೋಡಿದರು. ಗಾಡಿಯ ನಂಬರಿನ ಮೇಲೆ ಬೆರಳಿಟ್ಟರು. ಒಂದೊಂದೇ ಅಂಕಿ ಓದಿದರು. ಕೊನೆಯ ಅಂಕಿಯ ಹತ್ತಿರ ಬೆರಳು ನಿಂತಿತು.

"ಟೀಚರ್, ಇದು ಮೂರು. ನಮ್ಮ ಗಾಡೀದು ಎಂಟು."

ಮತ್ತೊಮ್ಮೆ ನೋಡಿದೆವು. ಹೌದು. ಫೋಟೋದಲ್ಲಿದ್ದದ್ದು ಬೇರೆ ಗಾಡಿ. ಅದೂ ಗೂಡ್ಸ್ ಆಟೋನೇ, ಬಣ್ಣವೂ ಅದೇ. ಚಲನ್ ಬರೆಯುವಾಗ 3 ಹೋಗಿ 8 ಆಗಿತ್ತು. ಮಾಡದ ತಪ್ಪಿಗೆ ಮಗ ದಂಡ ಕಟ್ಟಿದ್ದ. ಅದು ಅವನ ಲೆಕ್ಕದಲ್ಲಿ ಮೊದಲ ತಪ್ಪಾಗಿ ಕೂತಿತ್ತು.

ಮುಂದೆ ಏನಾಯಿತು ಅಂತ ಆಮೇಲೆ ಹೇಳುತ್ತೇವೆ. ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ.

ಕಾನೂನು ಏನು ಹೇಳುತ್ತದೆ?

ರಸ್ತೆಯ ಮೇಲೆ ಓಡುವ ಎಲ್ಲ ಗಾಡಿಗಳಿಗೂ ಒಂದು ಕಾನೂನು ಇದೆ. ಅದರ ಹೆಸರು ಮೋಟಾರು ವಾಹನಗಳ ಕಾಯ್ದೆ, 1988. ಇಡೀ ದೇಶಕ್ಕೆ ಇದು ಒಂದೇ. 2019ರಲ್ಲಿ ಇದನ್ನು ತಿದ್ದಿದರು. ದಂಡ ಹೆಚ್ಚಾಯಿತು. ಮತ್ತೆ ಮತ್ತೆ ತಪ್ಪು ಮಾಡುವವರಿಗೆ ಶಿಕ್ಷೆ ಬಿಗಿಯಾಯಿತು. ಕೆಲವು ತಪ್ಪುಗಳಿಗೆ ಸ್ಥಳದಲ್ಲಿ ಕಟ್ಟುವ ದಂಡವನ್ನು ರಾಜ್ಯ ಸರ್ಕಾರ ಗೊತ್ತು ಮಾಡುತ್ತದೆ. ಕರ್ನಾಟಕದಲ್ಲಿ 2019ರ ಸೆಪ್ಟೆಂಬರ್‌ನಲ್ಲೇ ಕೆಲವು ದಂಡಗಳನ್ನು ಇಳಿಸಿದರು.

ಹೀಗೆ ದಂಡ ಕಟ್ಟಿ ಮುಗಿಸಿಕೊಳ್ಳುವುದಕ್ಕೆ ರಾಜಿ ದಂಡ ಅನ್ನುತ್ತಾರೆ. ಇದು ಕಾಯ್ದೆಯ 200ನೇ ಕಲಮಿನಲ್ಲಿದೆ. ರಾಜಿ ದಂಡ ಕಟ್ಟಿದರೆ ಆ ತಪ್ಪಿಗೆ ಕೋರ್ಟಿನ ಕೇಸು ನಡೆಯುವುದಿಲ್ಲ. ಇದು ಒಳ್ಳೆಯದೇ. ಆದರೆ ಅದೇ ಕಲಮಿನಲ್ಲಿ ಇನ್ನೊಂದು ಮಾತೂ ಇದೆ. ದಂಡ ಕಟ್ಟಿದ ತಪ್ಪನ್ನು "ಹಿಂದೆ ಮಾಡಿದ ತಪ್ಪು" ಅಂತಲೇ ಲೆಕ್ಕಕ್ಕೆ ಹಿಡಿಯುತ್ತಾರೆ. ನಾಳೆ ಅದೇ ತಪ್ಪು ಮಾಡಿದರೆ ಅದು ಎರಡನೆಯದಾಗುತ್ತದೆ.

ನಾವು ಅಂಗಡಿಯಲ್ಲಿ ಸಾಲ ತೀರಿಸಿದರೆ ಪುಸ್ತಕದಲ್ಲಿ ಗೆರೆ ಎಳೆಯುತ್ತಾರೆ. ಇಲ್ಲಿ ಹಾಗಲ್ಲ. ದುಡ್ಡು ಕೊಟ್ಟರೂ ಬರೆದದ್ದು ಅಳಿಸುವುದಿಲ್ಲ. ಹನಿ ಹನಿ ಕೂಡಿದರೆ ಹಳ್ಳ ಅನ್ನುವುದು ಇದಕ್ಕೂ ಸರಿ.

ಮೊದಲ ಸಲ ಎಷ್ಟು? ಎರಡನೇ ಸಲ ಎಷ್ಟು?

ಕೆಲವು ಮುಖ್ಯ ತಪ್ಪುಗಳನ್ನು ನೋಡಿ. ಇವು ಕಾಯ್ದೆಯಲ್ಲೇ ಬರೆದಿರುವ ಶಿಕ್ಷೆ.

ಅಪಾಯದ ಚಾಲನೆ (184ನೇ ಕಲಂ): ಕೆಂಪು ದೀಪ ದಾಟುವುದು, ಕೈಯಲ್ಲಿ ಫೋನ್ ಹಿಡಿದು ಓಡಿಸುವುದು, ಎದುರು ದಿಕ್ಕಿನಲ್ಲಿ ನುಗ್ಗುವುದು ಇದರಲ್ಲಿ ಸೇರಿವೆ. ಇವುಗಳಿಂದ ಬೇರೆಯವರಿಗೆ ಅಪಾಯ ಆಗುವಂತಿದ್ದರೆ ಈ ಕಲಂ ಹಾಕುತ್ತಾರೆ. ಮೊದಲ ಸಲ 1,000ದಿಂದ 5,000 ರೂಪಾಯಿ ದಂಡ, ಅಥವಾ 6 ತಿಂಗಳಿಂದ 1 ವರ್ಷದವರೆಗೆ ಜೈಲು, ಅಥವಾ ಎರಡೂ. ಮೂರು ವರ್ಷದೊಳಗೆ ಅಂಥದೇ ತಪ್ಪು ಮತ್ತೆ ಮಾಡಿದರೆ 10,000 ರೂಪಾಯಿ ದಂಡ, ಅಥವಾ 2 ವರ್ಷದವರೆಗೆ ಜೈಲು, ಅಥವಾ ಎರಡೂ.

ಕುಡಿದು ಓಡಿಸುವುದು (185ನೇ ಕಲಂ): ಮೊದಲ ಸಲ 10,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಎರಡನೇ ಸಲ 15,000 ರೂಪಾಯಿ ದಂಡ, ಅಥವಾ 2 ವರ್ಷದವರೆಗೆ ಜೈಲು, ಅಥವಾ ಎರಡೂ. ಇದಕ್ಕೆ ರಾಜಿ ದಂಡ ಇಲ್ಲ. ಕೋರ್ಟಿಗೆ ಹೋಗಲೇಬೇಕು.

ವಿಮೆ ಇಲ್ಲದೆ ಓಡಿಸುವುದು (196ನೇ ಕಲಂ): ಮೊದಲ ಸಲ 2,000 ರೂಪಾಯಿ. ಮತ್ತೆ ಸಿಕ್ಕರೆ 4,000 ರೂಪಾಯಿ. ಮೂರು ತಿಂಗಳವರೆಗೆ ಜೈಲೂ ಆಗಬಹುದು.

ಅತಿ ವೇಗ (183ನೇ ಕಲಂ): ಎರಡನೇ ಸಲ ಸಿಕ್ಕರೆ ದಂಡದ ಜೊತೆಗೆ ಲೈಸೆನ್ಸ್ ತೆಗೆದುಕೊಳ್ಳುತ್ತಾರೆ.

ದಂಡಕ್ಕಿಂತ ದೊಡ್ಡ ಪೆಟ್ಟು ಲೈಸೆನ್ಸಿಗೆ ಬೀಳುತ್ತದೆ. ಅತಿ ವೇಗ, ಅಪಾಯದ ಚಾಲನೆ, ಕುಡಿತ, ಹೆಲ್ಮೆಟ್ ಇಲ್ಲದಿರುವುದು, ಬೈಕಿನಲ್ಲಿ ಮೂವರು ಕೂರುವುದು, ಇಂಥ ತಪ್ಪುಗಳಿಗೆ ಪೊಲೀಸರು ಲೈಸೆನ್ಸ್ ತೆಗೆದು ಆರ್.ಟಿ.ಓ.ಗೆ ಕಳಿಸಬಹುದು. ಆಗ ಒಂದು ರಸೀದಿ ಕೊಡುತ್ತಾರೆ. ಆ ರಸೀದಿ ಇಟ್ಟುಕೊಂಡು ಗಾಡಿ ಓಡಿಸುವಂತಿಲ್ಲ. ಲೈಸೆನ್ಸ್ ಕೈಗೆ ಬರುವವರೆಗೂ ಕಾಯಬೇಕು.

ಆರ್.ಟಿ.ಓ. ಏನು ಮಾಡುತ್ತಾರೆ? 19ನೇ ಕಲಮಿನ ಪ್ರಕಾರ, ಮೊದಲ ತಪ್ಪಾದರೆ ಮೂರು ತಿಂಗಳು ಲೈಸೆನ್ಸ್ ಅಮಾನತು. ಎರಡನೆಯದಾದರೆ ಲೈಸೆನ್ಸೇ ರದ್ದು. ತಪ್ಪಿಲ್ಲ ಅಂತ ಕಂಡರೆ ಬಿಟ್ಟುಬಿಡಲೂಬಹುದು.

ಈಗ ಗೊತ್ತಾಯಿತಲ್ಲ? ನಮ್ಮ ಅಕ್ಕನ ಮಗನಿಗೆ "ಒಂದು" ಮತ್ತು "ಎರಡು" ಅನ್ನುವುದರ ನಡುವೆ ಇಡೀ ಸಂಸಾರ ತೂಗುತ್ತಿತ್ತು.

ನಮ್ಮ ಹಕ್ಕು ಏನು?

ಕಾನೂನು ಶಿಕ್ಷೆಯನ್ನಷ್ಟೇ ಹೇಳುವುದಿಲ್ಲ. ನಮ್ಮ ಹಕ್ಕನ್ನೂ ಹೇಳುತ್ತದೆ.

ಒಂದು: ನಮ್ಮ ಮಾತು ಕೇಳದೆ ಲೈಸೆನ್ಸ್ ರದ್ದು ಮಾಡುವಂತಿಲ್ಲ. ಆರ್.ಟಿ.ಓ. ನಮಗೆ ಹೇಳಿಕೊಳ್ಳಲು ಅವಕಾಶ ಕೊಡಲೇಬೇಕು. ನೋಟೀಸು ಬಂದರೆ ಹೆದರಿ ಮುಚ್ಚಿಡಬೇಡಿ. ಅದು ಬರೀ ಬೆದರಿಕೆ ಅಲ್ಲ. ನಿಮ್ಮ ಮಾತಿಗೆ ಬಂದ ಕರೆ. ಹೋಗದಿದ್ದರೆ ನಿಮ್ಮ ಮಾತಿಲ್ಲದೆಯೇ ತೀರ್ಮಾನ ಆಗುತ್ತದೆ.

ಎರಡು: ಆರ್.ಟಿ.ಓ. ಆದೇಶ ಸರಿಯಿಲ್ಲ ಅನ್ನಿಸಿದರೆ ಮೇಲ್ಮನವಿ ಹಾಕಬಹುದು. ಆದೇಶ ಕೈಗೆ ಬಂದ 30 ದಿನದೊಳಗೆ ಹಾಕಬೇಕು. ಕಾಗದ ಬಂದ ದಿನವೇ ಅದರ ಹಿಂದೆ ತಾರೀಖು ಬರೆದಿಡಿ.

ಮೂರು: ತಪ್ಪು ನಮ್ಮದಲ್ಲದಿದ್ದರೆ "ಒಪ್ಪುವುದಿಲ್ಲ" ಅನ್ನುವ ಹಕ್ಕು ನಮಗಿದೆ. ಕೋರ್ಟಿನಲ್ಲಿ ಸಾಹೇಬರು "ತಪ್ಪು ಒಪ್ಪುತ್ತೀರಾ?" ಅಂತ ಕೇಳುತ್ತಾರೆ. ಹೆದರಿಕೆಯಿಂದ "ಹೂಂ ಸ್ವಾಮಿ" ಅನ್ನಬೇಡಿ. ಯಾವ ತಪ್ಪು, ಯಾವ ದಿನ ಅಂತ ಕೇಳಿ ತಿಳಿದುಕೊಳ್ಳಿ. ಒಪ್ಪದಿದ್ದರೆ ಸಾಕ್ಷಿ ತೋರಿಸುವ ಹೊಣೆ ಕೇಸು ಹಾಕಿದವರದು.

ನಾಲ್ಕು: "ಇವನು ಹಿಂದೆಯೂ ತಪ್ಪು ಮಾಡಿದ್ದ" ಅಂತ ಬಾಯಿಮಾತಲ್ಲಿ ಹೇಳಿದರೆ ಸಾಲದು. ದಾಖಲೆ ಬೇಕು. ಯಾವ ದಿನ, ಯಾವ ಗಾಡಿ, ಯಾವ ಕಲಂ ಅಂತ ಕೇಳಬೇಕು. ಅಪಾಯದ ಚಾಲನೆ ಆದರೆ ಎರಡು ತಪ್ಪುಗಳ ನಡುವೆ ಮೂರು ವರ್ಷ ದಾಟಿದೆಯೇ ಅಂತಲೂ ಲೆಕ್ಕ ಹಾಕಬೇಕು. ದಾಟಿದ್ದರೆ ಹೆಚ್ಚಿನ ಶಿಕ್ಷೆ ಬರುವುದಿಲ್ಲ.

ಐದು: ಅತಿ ವೇಗ ಮತ್ತು ಅಪಾಯದ ಚಾಲನೆ ಕೇಸಿನಲ್ಲಿ ಇನ್ನೊಂದು ನಿಯಮ ಇದೆ. ಅದು 209ನೇ ಕಲಂ. ಕೇಸು ಹಾಕುವ ಬಗ್ಗೆ ಸ್ಥಳದಲ್ಲೇ ತಿಳಿಸಿರಬೇಕು. ಇಲ್ಲವೆ 14 ದಿನದೊಳಗೆ ನೋಟೀಸು ಕಳಿಸಿರಬೇಕು. ಇಲ್ಲವೆ 28 ದಿನದೊಳಗೆ ಸಮನ್ಸ್ ಕೊಟ್ಟಿರಬೇಕು. ಇದು ಆಗಿದೆಯೇ ಅಂತ ವಕೀಲರು ನೋಡುತ್ತಾರೆ. ಅದಕ್ಕೇ ಬಂದ ಎಲ್ಲ ಕಾಗದವನ್ನೂ, ಅಂಚೆಯ ಕವರನ್ನೂ ಜೋಪಾನ ಮಾಡಿ.

ಆರು: ಕುಡಿದಿದ್ದಾನೆ ಅಂತ ಬಂಧಿಸಿದರೆ ಎರಡು ಗಂಟೆಯೊಳಗೆ ಡಾಕ್ಟರಿಂದ ಪರೀಕ್ಷೆ ಮಾಡಿಸಬೇಕು. ಮಾಡಿಸದಿದ್ದರೆ ಬಿಟ್ಟು ಕಳಿಸಬೇಕು.

ಒಂದು ಮಾತು ನೆನಪಿರಲಿ. ಇವು ತಪ್ಪು ಮಾಡಿ ತಪ್ಪಿಸಿಕೊಳ್ಳುವ ಉಪಾಯಗಳಲ್ಲ. ಫೋನ್ ಹಿಡಿದು ಓಡಿಸುವವನ ಗಾಡಿಗೆ ಸಿಗುವುದು ನಮ್ಮಂಥವರ ಮಕ್ಕಳೇ. ಮಾಡಿದ ತಪ್ಪು ಒಪ್ಪಿಕೊಳ್ಳೋಣ. ಮಾಡದ ತಪ್ಪನ್ನು ತಲೆ ಮೇಲೆ ಹೊರುವುದು ಬೇಡ.

ವಕೀಲರಿಗೆ ದುಡ್ಡು ಎಲ್ಲಿಂದ ತರೋದು?

ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಅದಕ್ಕೂ ಒಂದು ಕಾನೂನು ಇದೆ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1987. ಇದು 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ.

ಇದರ ಪ್ರಕಾರ ಕೇಸು ಹೆಂಗಸಿನ ಹೆಸರಲ್ಲಿದ್ದರೆ ಅವರಿಗೆ ಉಚಿತವಾಗಿ ವಕೀಲರು ಸಿಗುತ್ತಾರೆ. ಆದಾಯ ಎಷ್ಟು ಅಂತ ನೋಡುವುದಿಲ್ಲ. ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ, ಅಂಗವಿಕಲರಿಗೆ, ಬಂಧನದಲ್ಲಿರುವವರಿಗೂ ಹಾಗೆಯೇ. ಬೇರೆ ಗಂಡಸರಾದರೆ ಆದಾಯ ಸರ್ಕಾರ ಹೇಳಿದ ಮಿತಿಯ ಒಳಗಿರಬೇಕು. ಬಡ ಡ್ರೈವರಿಗೆ ಇದರಿಂದ ಸಹಾಯ ಆಗುತ್ತದೆ.

ಎಲ್ಲಿ ಕೇಳಬೇಕು? ತಾಲ್ಲೂಕು ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ಜಿಲ್ಲೆಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇರುತ್ತದೆ. ಅಲ್ಲಿಗೆ ಹೋಗಿ ಅರ್ಜಿ ಕೊಡಿ. ಬರೆಯಲು ಬಾರದಿದ್ದರೆ ಅವರೇ ಬರೆದುಕೊಳ್ಳುತ್ತಾರೆ. ಫೋನ್ ಮಾಡಬೇಕಾದರೆ 15100 ನಂಬರಿಗೆ ಮಾಡಿ.

ಲೋಕ ಅದಾಲತ್ ಹೆಸರು ಕೇಳಿದ್ದೀರಿ. ರಾಜಿಯಾಗುವಂಥ ಗಾಡಿ ಕೇಸುಗಳು ಅಲ್ಲೂ ತೀರುತ್ತವೆ. ಆದರೆ ಅಲ್ಲಿ ಒಪ್ಪಿಕೊಂಡ ಮೇಲೆ ಮೇಲ್ಮನವಿ ಇಲ್ಲ. ಕರ್ನಾಟಕದಲ್ಲಿ 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟರು. ಜನ ಸಾಲು ನಿಂತು ಕಟ್ಟಿದರು. 2025ರಲ್ಲೂ ಕೊಟ್ಟರು. ಇಂಥ ರಿಯಾಯಿತಿ ಬಂದಾಗ ಬಾಕಿ ತೀರಿಸುವುದು ಒಳ್ಳೆಯದು. ಆದರೆ ಅರ್ಧ ದರ ಸಿಗುತ್ತದೆ ಅಂತ ನಮ್ಮದಲ್ಲದ್ದನ್ನೂ ಕಟ್ಟಬೇಡಿ. ಮೊದಲು ಓದಿ.

ಗಾಡಿ ನಿಮ್ಮ ಹೆಸರಲ್ಲಿದೆಯೇ?

ಈಗ ಎಷ್ಟೋ ಗಾಡಿಗಳು ಹೆಂಗಸರ ಹೆಸರಲ್ಲಿವೆ. ಸಾಲ ನಮ್ಮ ಹೆಸರಲ್ಲಿ, ಆರ್.ಸಿ. ನಮ್ಮ ಹೆಸರಲ್ಲಿ. ಆಗ ಕ್ಯಾಮೆರಾ ಚಲನ್ ಬರುವುದೂ ನಮ್ಮ ಹೆಸರಿಗೇ. ಆ ದಿನ ಗಾಡಿ ಓಡಿಸಿದ್ದು ಯಾರು ಅಂತ ಪೊಲೀಸರು ಕೇಳಿದರೆ ಹೇಳಬೇಕಾದ್ದು ಗಾಡಿ ಒಡೆಯರ ಕರ್ತವ್ಯ. ಆದ್ದರಿಂದ ಗಾಡಿ ಯಾರಿಗೆ ಕೊಟ್ಟಿದ್ದೇವೆ ಅಂತ ನಮಗೆ ಗೊತ್ತಿರಬೇಕು.

ಗಾಡಿ ಮಾರಿದರೆ 14 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕು. "ಅವರೇ ಮಾಡಿಸಿಕೊಳ್ತಾರೆ ಬಿಡು" ಅಂತ ಸುಮ್ಮನಾದರೆ, ಕೊಂಡವನ ತಪ್ಪಿನ ಚಲನ್ ನಿಮ್ಮ ಬಾಗಿಲಿಗೆ ಬರುತ್ತದೆ.

ಲೈಸೆನ್ಸ್ ಅಮಾನತಾದವನಿಗೆ ಗಾಡಿ ಕೀ ಕೊಡಬೇಡಿ. ಅಮಾನತಿನಲ್ಲಿ ಓಡಿಸಿ ಸಿಕ್ಕರೆ 10,000 ರೂಪಾಯಿ ದಂಡ, ಅಥವಾ 3 ತಿಂಗಳವರೆಗೆ ಜೈಲು, ಅಥವಾ ಎರಡೂ. ಲೈಸೆನ್ಸ್ ಇಲ್ಲದವನಿಗೆ ಕೊಟ್ಟರೆ ಗಾಡಿ ಒಡೆಯರಿಗೂ ಶಿಕ್ಷೆ ಇದೆ.

18 ತುಂಬದ ಮಗನಿಗೆ ಬೈಕು ಕೊಡಲೇಬೇಡಿ. ಅವನು ತಪ್ಪು ಮಾಡಿ ಸಿಕ್ಕರೆ ತಂದೆ ತಾಯಿಗೆ ಅಥವಾ ಗಾಡಿ ಒಡೆಯರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. "ಅವನು ಹಠ ಮಾಡಿದ" ಅನ್ನುವ ಮಾತು ಕೋರ್ಟಿನಲ್ಲಿ ನಡೆಯುವುದಿಲ್ಲ.

ಚಲನ್ ಬಂದರೆ ಏನು ಮಾಡಬೇಕು?

ಮೊದಲು ಓದಿ. ಐದು ವಿಷಯ ನೋಡಿ. ಗಾಡಿ ನಂಬರ್. ತಾರೀಖು ಮತ್ತು ಹೊತ್ತು. ಜಾಗ. ತಪ್ಪು ಯಾವುದು, ಕಲಂ ಯಾವುದು. ಫೋಟೋ ಇದ್ದರೆ ಅದರಲ್ಲಿರುವ ಗಾಡಿ ನಿಮ್ಮದೇನಾ.

ತಪ್ಪು ನಿಜವಾಗಿದ್ದರೆ ಚಲನ್‌ನಲ್ಲಿ ಹೇಳಿದ ದಿನದೊಳಗೆ ದಂಡ ಕಟ್ಟಿ. ಸುಮ್ಮನಿದ್ದರೆ ಕೋರ್ಟಿಗೆ ಹೋಗುತ್ತದೆ. ಸಮನ್ಸ್ ಬರುತ್ತದೆ. ಅದಕ್ಕೂ ಹೋಗದಿದ್ದರೆ ವಾರಂಟ್ ಬರಬಹುದು. ದಂಡ ಕಟ್ಟಿ ರಸೀದಿ ಇಸಿದುಕೊಳ್ಳಿ. ರಸೀದಿ ಕೊಡದವರ ಕೈಗೆ ದುಡ್ಡು ಕೊಡಬೇಡಿ. "ನಾನು ಮಾಡಿಸಿಕೊಡ್ತೀನಿ" ಅನ್ನುವ ಬ್ರೋಕರ್ ಮಾತು ಕೇಳಬೇಡಿ.

ತಪ್ಪು ನಿಮ್ಮದಲ್ಲದಿದ್ದರೆ ಕಟ್ಟಬೇಡಿ. ಚಲನ್ ಕೊಟ್ಟ ಕಚೇರಿಗೆ ಬರವಣಿಗೆಯಲ್ಲಿ ತಕರಾರು ಕೊಡಿ. ಜೊತೆಗೆ ಆರ್.ಸಿ. ಪ್ರತಿ, ನಿಮ್ಮ ಗಾಡಿಯ ಫೋಟೋ ಇಡಿ. ಆ ದಿನ ಗಾಡಿ ಬೇರೆ ಕಡೆ ಇದ್ದದ್ದಕ್ಕೆ ಪುರಾವೆ ಇದ್ದರೆ ಅದನ್ನೂ ಇಡಿ. ಮಂಡಿಯ ಚೀಟಿ, ಪೆಟ್ರೋಲ್ ಬಿಲ್ಲು, ಗ್ಯಾರೇಜಿನ ಬಿಲ್ಲು, ಇವೆಲ್ಲ ಪುರಾವೆಯೇ. ಕೊಟ್ಟದ್ದಕ್ಕೆ ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.

ಫೋನಿಗೆ ಬರುವ ಮೆಸೇಜಿನ ಬಗ್ಗೆ ಹುಷಾರು. ಮೋಸಗಾರರೂ ಚಲನ್ ಹೆಸರಲ್ಲಿ ಮೆಸೇಜು ಕಳಿಸುತ್ತಾರೆ. ಅದನ್ನು ಒತ್ತಿದರೆ ಬ್ಯಾಂಕಿನ ದುಡ್ಡು ಹೋಗುತ್ತದೆ. ಅನುಮಾನ ಬಂದರೆ ಒತ್ತಬೇಡಿ. ಹತ್ತಿರದ ಠಾಣೆಗೆ ಹೋಗಿ ಗಾಡಿ ನಂಬರ್ ಹೇಳಿ ಕೇಳಿ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಓದದ ಕಾಗದಕ್ಕೆ ಸಹಿ ಹಾಕಬೇಡಿ. ಹೆಬ್ಬೆಟ್ಟು ಬಿಟ್ಟು ಸಹಿ ಕಲಿತದ್ದು ಅದಕ್ಕಲ್ಲ. ಓದಿ ಆಮೇಲೆ ಹಾಕುವುದಕ್ಕೆ.

ಅಕ್ಕನ ಮಗನಿಗೆ ಏನಾಯಿತು?

ಅಕ್ಕ, ಮಗ, ನಾವು ಮೂವರೂ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋದೆವು. ಒಬ್ಬ ವಕೀಲರನ್ನು ಗೊತ್ತು ಮಾಡಿಕೊಟ್ಟರು. ಅವರು ಮೊದಲು ಮಗನನ್ನು ಕೇಳಿದರು. "ಈಗಿನ ತಪ್ಪು ನಿಜವೇನಪ್ಪಾ?" ಮಗ ತಲೆ ತಗ್ಗಿಸಿ "ಹೌದು ಸಾರ್, ಫೋನ್ ಹಿಡಿದಿದ್ದೆ" ಅಂದ. "ಹಾಗಾದರೆ ಅದನ್ನು ಒಪ್ಪಿಕೋ. ಹಳೆಯದನ್ನು ಮಾತ್ರ ಕೇಳೋಣ" ಅಂದರು ವಕೀಲರು.

ಹಳೆಯ ಚಲನ್ ಕೊಟ್ಟ ಕಚೇರಿಗೆ ಅರ್ಜಿ ಬರೆದರು. ಫೋಟೋ, ಆರ್.ಸಿ. ಪ್ರತಿ, ಆ ದಿನದ ಮಂಡಿ ಚೀಟಿ ಎಲ್ಲ ಇಟ್ಟರು. ಆರ್.ಟಿ.ಓ. ಕೊಟ್ಟ ತಾರೀಖಿಗೆ ಹೋಗಿ, ಅರ್ಜಿಯ ಸೀಲು ಹಾಕಿದ ಪ್ರತಿ ತೋರಿಸಿ, ಸಮಯ ಕೇಳಿದರು.

ಕೆಲಸ ಸಲೀಸಾಗಿ ಆಗಲಿಲ್ಲ. "ದಂಡ ಕಟ್ಟಿದ್ದೀರಿ, ಅಂದಮೇಲೆ ಒಪ್ಪಿದ ಹಾಗೇ ಅಲ್ಲವೇ?" ಅಂತ ಕೇಳಿದರು. ಆ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟವಾಯಿತು. ಐದಾರು ಸಲ ಅಲೆದರು. ಅಂದು ಉಳಿಸಿದ ಒಂದು ದಿನದ ಬಾಡಿಗೆ, ಇಂದು ಐದಾರು ದಿನವನ್ನು ತಿಂದಿತು. ಕೊನೆಗೆ ಫೋಟೋದ ಗಾಡಿ ಬೇರೆ ಅಂತ ಬರವಣಿಗೆಯಲ್ಲಿ ಕೊಟ್ಟರು. ಲೆಕ್ಕ ತಿದ್ದಿದರು.

ಆರ್.ಟಿ.ಓ. ಅದನ್ನು ನೋಡಿ ಇದು ಮೊದಲ ತಪ್ಪು ಅಂತ ತೀರ್ಮಾನ ಮಾಡಿದರು. ಲೈಸೆನ್ಸ್ ರದ್ದಾಗಲಿಲ್ಲ. ಮೂರು ತಿಂಗಳು ಅಮಾನತಾಯಿತು. ಮಗ ಈ ತಪ್ಪಿನ ದಂಡ ಕಟ್ಟಿದ. ಮೂರು ತಿಂಗಳು ಗಾಡಿ ಮುಟ್ಟಲಿಲ್ಲ. ಲೈಸೆನ್ಸ್ ಇದ್ದ ನೆಂಟರ ಹುಡುಗನಿಗೆ ಕೂಲಿ ಕೊಟ್ಟು ಓಡಿಸಿದರು. ಕಂತು ಕಟ್ಟಲು ಅಕ್ಕ ಕಿವಿಯ ಓಲೆ ಅಡ ಇಟ್ಟರು. ಅವಧಿ ಮುಗಿದ ಮೇಲೆ ಮಗ ಚಾಲಕರ ಮರು ತರಬೇತಿಗೆ ಹೋಗಿ ಬಂದ. ಆ ತರಬೇತಿ ಮುಗಿಸಿದರೇ ಲೈಸೆನ್ಸ್ ವಾಪಸು ಕೊಡುವುದು. ಅದೂ ಕಾನೂನಿನಲ್ಲೇ ಇದೆ.

ಈಗ ಮಗ ಗಾಡಿ ಹತ್ತುವ ಮುಂಚೆ ಫೋನನ್ನು ಸೀಟಿನ ಕೆಳಗೆ ಇಡುತ್ತಾನೆ. ಇನ್ನೊಂದು ಸಲ ಸಿಕ್ಕರೆ ಅದು ನಿಜವಾಗಿಯೂ ಎರಡನೆಯದು ಅಂತ ಅವನಿಗೆ ಗೊತ್ತು.

ಅಕ್ಕ ಈಗಲೂ ಕೇಂದ್ರಕ್ಕೆ ಬರುತ್ತಾರೆ. ಮೊನ್ನೆ ಹೊಸದಾಗಿ ಸೇರಿದ ಒಬ್ಬರು, "ಈ ವಯಸ್ಸಲ್ಲಿ ಅಂಕಿ ಕಲಿತು ಏನು ಮಾಡೋದು?" ಅಂದರು. ಅಕ್ಕ ನಕ್ಕು ಹೇಳಿದರು: "ಮೂರು ಯಾವುದು, ಎಂಟು ಯಾವುದು ಅಂತ ಗೊತ್ತಾದರೆ ಸಾಕು ಕಣವ್ವ. ನನ್ನ ಮನೆ ಉಳಿದದ್ದು ಅದರಿಂದಲೇ."

ನೆನಪಿಡಿ

1. ದಂಡ ಕಟ್ಟಿದರೂ ತಪ್ಪು ಲೆಕ್ಕದಲ್ಲಿ ಉಳಿಯುತ್ತದೆ.

2. ಎರಡನೇ ಸಲದ ಶಿಕ್ಷೆ ದೊಡ್ಡದು. ಲೈಸೆನ್ಸ್ ರದ್ದಾಗಬಹುದು.

3. ಚಲನ್ ಬಂದರೆ ಗಾಡಿ ನಂಬರ್, ತಾರೀಖು, ಜಾಗ ಓದಿ. ಆಮೇಲೆ ಕಟ್ಟಿ.

4. ನಮ್ಮದಲ್ಲದ ತಪ್ಪಿಗೆ ಬರವಣಿಗೆಯಲ್ಲಿ ತಕರಾರು ಕೊಡಿ.

5. ನೋಟೀಸು ಬಂದರೆ ಹೇಳಿದ ದಿನ ತಪ್ಪದೆ ಹೋಗಿ. ಆರ್.ಟಿ.ಓ. ಆದೇಶಕ್ಕೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು.

6. ಉಚಿತ ಕಾನೂನು ನೆರವಿಗೆ 15100.

ಕೂತು ಮಾತಾಡಿ

ನಿಮ್ಮ ಮನೆಯ ಗಾಡಿ ಯಾರ ಹೆಸರಲ್ಲಿದೆ? ಆರ್.ಸಿ. ಕಾರ್ಡು ತೆಗೆದು ಅದರ ನಂಬರನ್ನು ಜೋರಾಗಿ ಓದಿ.

ಗಾಡಿಯ ವಿಮೆ ಯಾವ ತಾರೀಖಿಗೆ ಮುಗಿಯುತ್ತದೆ? ನೋಡಿ ಬರೆದಿಡಿ.

ನಿಮ್ಮ ಊರಲ್ಲಿ ಓದದೆ ದಂಡ ಕಟ್ಟಿದವರು ಇದ್ದಾರೆಯೇ? ಈ ಪಾಠವನ್ನು ಅವರಿಗೆ ಓದಿ ಹೇಳಿ.